ಮೊಳೆಗಳ ಮುಂದೆ ಚಾಚಿದ ಕಾಲು

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ವರ್ಷಗಳಲ್ಲಿ ನಾನು ಕುಮಟೆಯ ಒಂದು ಸಣ್ಣ ಅಚ್ಚುಕೂಟದಲ್ಲಿ ಮೊಳೆ, ಅಂದರೆ ಸೀಸದ ಅಚ್ಚಕ್ಷರ, ಜೋಡಿಸುತ್ತಿದ್ದೆ. ಅಲ್ಲಿ ಎರಡು ವರ್ಷ ನಾನು ದೊಡ್ಡ ದೈವಭಕ್ತನೆಂದು ಹೆಸರಾಗಿದ್ದೆ. ಆ ಹೆಸರನ್ನು ನನಗೆ ಸಂಪಾದಿಸಿಕೊಟ್ಟದ್ದು ಆನೆಕಾಲು ರೋಗ.

ನಮ್ಮೂರು ಕರ್ಕಿಯಿಂದ ಕೆಲಸಕ್ಕೆಂದು ಬರುವಾಗಲೇ ನನ್ನ ಎಡಗಾಲು ಪಾದದಿಂದ ಮೊಣಕಾಲಿನವರೆಗೆ ಊದಿತ್ತು. ಆಗಾಗ ತೊಡೆಯ ಸಂದಿನಲ್ಲಿ ಗಂಟು ಕಟ್ಟಿ ಚಳಿಜ್ವರ ಬರುತ್ತಿತ್ತು. ಈ ಜ್ವರ ಏಕಾದಶಿ, ಹುಣ್ಣಿಮೆ, ಅಮಾವಾಸ್ಯೆ ನೋಡಿಕೊಂಡೇ ಬರುತ್ತದೆ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ನನ್ನ ಜ್ವರಕ್ಕೂ ಪಂಚಾಂಗ ಓದಲು ಬರುತ್ತಿತ್ತೋ ಏನೋ, ಹೆಚ್ಚಾಗಿ ಏಕಾದಶಿಗೇ ಹಾಜರಾಗುತ್ತಿತ್ತು.

ಅಚ್ಚುಕೂಟದ ಒಡೆಯರು ಅಡಿಕೆ ತೋಟದ ಮನೆತನದವರು, ಆಚಾರವಂತರು. ನಾನು ಸೇರಿದ ಹೊಸತರಲ್ಲಿ ಒಂದು ಏಕಾದಶಿಯ ಮಧ್ಯಾಹ್ನ ಅವರು ಒಳಗೆ ಬಂದಾಗ ನಾನು ಊಟ ಬಿಟ್ಟು, ಶಾಲು ಹೊದ್ದು, ಕಣ್ಣುಮುಚ್ಚಿ ಮೂಲೆಯಲ್ಲಿ ಕುಳಿತಿದ್ದೆ. ಚಳಿಗೆ ತುಟಿ ಅದುರುತ್ತಿತ್ತು.

"ಎಂತ ಮಾರಾಯ, ಉಪವಾಸವ? ಜಪ ಬೇರೆ ಮಾಡ್ತಾ ಇದ್ದೆ!" ಎಂದರು.

ನಾನು ತಲೆಯಾಡಿಸಿದೆ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ. ಅಂದಿನಿಂದ ಪ್ರತಿ ಏಕಾದಶಿಗೂ ಒಡೆಯರ ಮನೆಯಿಂದ ನನಗೆ ಬಾಳೆಹಣ್ಣು, ಹಾಲು ಬರತೊಡಗಿತು. ಜ್ವರವಿಲ್ಲದ ಏಕಾದಶಿಗಳಂದು ನಾನು ಹಸಿದು ಸಾಯಬೇಕಾಯಿತು.

ಸತ್ಯ ಗೊತ್ತಿದ್ದವನು ಒಬ್ಬನೇ, ಅಚ್ಚು ಹಾಕುವ ಟ್ರೆಡಲ್ ಯಂತ್ರವನ್ನು ಕಾಲಲ್ಲಿ ತುಳಿಯುತ್ತಿದ್ದ ಭಟ್ಕಳದ ಸಾಬ. ಬಾಳೆಹಣ್ಣಿನ ಮುಕ್ಕಾಲು ಪಾಲು ತಿನ್ನುತ್ತಿದ್ದವನೂ ಅವನೇ. "ಅರೆ ಭಾಯಿ, ನಿನ್ನ ಭಕ್ತಿ ಎಲ್ಲ ಎಡಗಾಲಲ್ಲೇ ಉಂಟಲ್ಲ! ಬಲಗಾಲಿಗೆ ಎಂತ ಮಾಡ್ತೆ?" ಎಂದು ಕೆಣಕುತ್ತಿದ್ದ.

ಬಚ್ಚಿಟ್ಟದ್ದಕ್ಕೆ ಕಾರಣವಿತ್ತು. ಮೊಳೆ ಜೋಡಿಸುವುದು ನಿಂತು ಮಾಡುವ ಕೆಲಸ. ನಿಲ್ಲಲಾಗದವನನ್ನು ಯಾರು ಇಟ್ಟುಕೊಳ್ಳುತ್ತಾರೆ? ನನಗೆ ಬೇರೆ ವಿದ್ಯೆ ಇರಲಿಲ್ಲ. ಇದ್ದರೂ ನನಗೆ ಬೇಕಿದ್ದದ್ದು ಇದೇ. ತಿರುವುಮುರುವಾದ ಅಕ್ಷರಗಳನ್ನು ನೋಡದೆಯೇ ಬೆರಳಿನಿಂದ ಗುರುತಿಸಿ ಸಾಲು ಕಟ್ಟುವಾಗ ನನಗೆ ನಾನೇ ದೊಡ್ಡವನಾಗಿ ಕಾಣುತ್ತಿದ್ದೆ. ಅದಕ್ಕೆಂದೇ ಪಂಚೆಯನ್ನು ಪಾದ ಮುಚ್ಚುವಷ್ಟು ಇಳಿಸಿ ಉಟ್ಟು ನಿಂತೇ ಇದ್ದೆ.

ನಮ್ಮೂರಿನ ಯಕ್ಷಗಾನದ ಕರಪತ್ರ ಜೋಡಿಸುತ್ತಿದ್ದ ದಿನ ಆ ನಿಲ್ಲುವಿಕೆ ಮುಗಿಯಿತು. ಕಣ್ಣು ಕತ್ತಲೆ ಬಂದು, ಕಟ್ಟಿದ ಪುಟದ ಸಮೇತ ನೆಲಕ್ಕೆ ಬಿದ್ದೆ. ಕಣ್ಣು ಬಿಟ್ಟಾಗ ಪಂಚೆ ಮೇಲಕ್ಕೆ ಸರಿದಿತ್ತು, ಒಡೆಯರು ನನ್ನ ಕಾಲನ್ನೇ ನೋಡುತ್ತಿದ್ದರು.

"ಇದೆಂತ?"

"ಆನೆಕಾಲು, ಒಡೇರೆ."

"ಹಂಗಾರೆ ಏಕಾದಶಿ?"

"ಜ್ವರ, ಒಡೇರೆ."

ಅವರ ಮುಖ ಸಣ್ಣದಾಯಿತು. ರೋಗಕ್ಕಿಂತ ಏಕಾದಶಿ ಹೋದದ್ದೇ ಅವರಿಗೆ ಹೆಚ್ಚಿನ ದುಃಖವಾದಂತಿತ್ತು. "ಆಸ್ಪತ್ರೆಗೆ ಹೋಗಿ ಚೀಟಿ ಬರೆಸ್ಕಂಡು ಬಾ. ನೀನು ಕೆಲಸ ಮಾಡ್ಲಕ್ಕ, ಆಗ್ದಾ, ಡಾಕ್ಟ್ರೇ ಹೇಳ್ಲಿ," ಎಂದು ಹೊರಗೆ ನಡೆದರು.

ಆಸ್ಪತ್ರೆಯ ಡಾಕ್ಟರು ಕಾಲನ್ನು ಒತ್ತಿ ನೋಡಿ, ನನ್ನ ಕೆಲಸ ಹೇಗೆ, ಎಷ್ಟು ಹೊತ್ತು ಎಂದು ವಿಚಾರಿಸಿ, ಒಡೆಯರ ಹೆಸರಿಗೇ ಚೀಟಿ ಬರೆದರು. ಇವನು ಧಾರಾಳವಾಗಿ ಕೆಲಸ ಮಾಡಬಹುದು, ಆದರೆ ನಿಂತು ಅಲ್ಲ; ಕುಳಿತು, ಎಡಗಾಲನ್ನು ಸೊಂಟದ ಮಟ್ಟಕ್ಕೆ ಎತ್ತಿ ಚಾಚಿಟ್ಟುಕೊಂಡು; ಜ್ವರದ ದಿನ ರಜೆ ಕೊಡಬೇಕು. ಓದಿ ನನಗೆ ಹಾಡಬೇಕೆನಿಸಿತು.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಒಡೆಯರು ಚೀಟಿಯನ್ನು ಮೂರು ಸಲ ಓದಿದರು. ರಜೆಗೆ ಒಪ್ಪಿದರು. ಎತ್ತರದ ಸ್ಟೂಲನ್ನು ತಮ್ಮ ಮನೆಯಿಂದಲೇ ತರಿಸಿದರು. ಕಾಲು ಚಾಚುವ ಮಾತಿಗೆ ಬಂದಾಗ ಮಾತ್ರ ನಿಂತುಬಿಟ್ಟರು. ನಮ್ಮಲ್ಲಿ ಅಕ್ಷರವೆಂದರೆ ಸರಸ್ವತಿ. ಕೆಳಗೆ ಬಿದ್ದ ಮೊಳೆಗೆ ಕಾಲು ತಾಗಿದರೆ ಎತ್ತಿ ಕಣ್ಣಿಗೊತ್ತಿಕೊಳ್ಳುವವರು ನಾವು. ಮೊಳೆಯ ಪೆಟ್ಟಿಗೆಗಳು ಇದ್ದದ್ದು ನನ್ನ ಎದುರಿಗೇ.

"ಸರಸ್ವತಿ ಮುಂದೆ ಕಾಲು ಚಾಚಿ ಕೂತ್ಕಂಬಲೆ ಆಗ್ತಿಲ್ಲೆ," ಎಂದರು. ನನಗೂ ಅದು ಸರಿ ಕಾಣಲಿಲ್ಲ, ಸುಳ್ಳೇಕೆ ಹೇಳಲಿ. ಕಾಲನ್ನು ಕಿಟಕಿಯ ಕಡೆ ಅಡ್ಡಕ್ಕೆ ಚಾಚಿ, ಮೈಯನ್ನು ಮಾತ್ರ ಪೆಟ್ಟಿಗೆಗಳತ್ತ ತಿರುಚಿ ಕುಳಿತೆ. ನಾಲ್ಕೇ ದಿನಕ್ಕೆ ಊತ ಇಳಿಯತೊಡಗಿತು, ಸೊಂಟ ಹಿಡಿಯತೊಡಗಿತು. ಕೈ ನಿಧಾನವಾಯಿತು. ಒಂದು ಮದುವೆಯ ಕಾಗದ ಮುಗಿಯುವಷ್ಟರಲ್ಲಿ ಮದುವೆಯೇ ಮುಗಿಯುವ ಹಾಗಿತ್ತು.

ವಾರ ಕಳೆದ ಮೇಲೆ ಒಡೆಯರು ಬಂದು ನನ್ನ ಮುಖ ನೋಡದೆ ಹೇಳಿದರು: "ಮುಂದಿನ ತಿಂಗಳಿಂದ ಮೊಳೆ ಜೋಡ್ಸಲೆ ಬೇರೆಯವ ಬತ್ತ. ನೀನು ಕಾಗದ ಮಡ್ಚು. ಸಂಬಳ ಕಡಿಮೆ ಮಾಡ್ತಿಲ್ಲೆ."

ಸಂಬಳದ ಮಾತು ಯಾರಿಗೆ ಬೇಕಿತ್ತು! ನನಗೆ ಸಿಟ್ಟು ಬೇಗ ಬರುತ್ತದೆ. ಅಂದು ಬಂದ ಸಿಟ್ಟನ್ನೆಲ್ಲ ನುಂಗಿಕೊಂಡು ಕೈಯಲ್ಲಿದ್ದ ಮೊಳೆಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಹಾಕುತ್ತ ಕುಳಿತೆ. ಅಷ್ಟರಲ್ಲಿ ಯಂತ್ರದ ಸದ್ದು ನಿಂತಿತು.

"ಒಡೇರೆ, ಒಂದು ಮಾತು ಕೇಳ್ಲಾ?" ಎಂದ ಸಾಬ. "ಇವ ಜೋಡ್ಸಿದ ಅಕ್ಷರ ಎಲ್ಲ ಈ ಯಂತ್ರಕ್ಕೇ ಬರ್ತದೆ. ನಾನು ದಿನಾ ಬೆಳಗಿಂದ ಸಂಜೆವರೆಗೆ ಕಾಲಲ್ಲೇ ಅಲ್ವಾ ತುಳಿಯೋದು? ದೇವರ ಚಿತ್ರ ಇದ್ದದ್ದನ್ನೂ ಕಾಲಲ್ಲೇ ತುಳ್ದು ಅಚ್ಚು ಹಾಕಿದ್ದೆ. ನಿಮ್ಮ ಸರಸ್ವತಿ ನನ್ನ ಕಾಲಿಗೆ ಎಂತದೂ ಹೇಳ್ಲಿಲ್ಲ. ಇವನ ಕಾಲಿಗೆ ಮಾತ್ರ ಯಾಕೆ ಸಿಟ್ಟು?"

ಒಡೆಯರು ತುಳಿಯುವ ಹಲಗೆಯನ್ನು ನೋಡಿದರು. ಹದಿನೈದು ವರ್ಷದಿಂದ ಅವರ ಕಣ್ಣೆದುರಿಗೇ ಇದ್ದ ಹಲಗೆ, ಅಂಗಾಲು ತಾಗಿ ತಾಗಿ ನುಣ್ಣಗಾಗಿತ್ತು. ಅಲ್ಲಿಂದಲೇ ಊಟಕ್ಕೆ ಹೋದರು. "ನಿನ್ನ ಜೊತೆ ನನ್ನ ನೌಕರಿಯೂ ಹೋಯ್ತು, ಭಾಯಿ," ಎಂದು ಸಾಬ ನಕ್ಕ.

ಊಟ ಮುಗಿಸಿ ಬಂದವರ ಕಂಕುಳಲ್ಲಿ ಒಂದು ಹಲಗೆ ಇತ್ತು. ಅದನ್ನು ಮೊಳೆಯ ಪೆಟ್ಟಿಗೆಗಳ ಕೆಳಗೆ, ನನಗೆ ನೇರ ಎದುರಾಗಿ, ಹೊರಗಿನಿಂದ ತಂದು ಪೇರಿಸಿದ ಇಟ್ಟಿಗೆಗಳ ಮೇಲೆ ಕೂರಿಸಿದರು. ಆಮೇಲೆ ಬಗ್ಗಿ, ಎರಡೂ ಕೈಯಿಂದ ನನ್ನ ಎಡಗಾಲನ್ನು ಹಿಡಿದೆತ್ತಿದರು. ಅವರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ನಾನು ಕಾಲು ಮುಟ್ಟಿ ನಮಸ್ಕರಿಸಬೇಕಾದವರು. ಬೇಡ ಬೇಡವೆಂದು ನಾನು ಎಳೆದುಕೊಳ್ಳಹೋದರೆ ಬಿಡಲಿಲ್ಲ. ಎತ್ತಿದವರು ಹಾಗೇ ನಿಂತರು.

"ಮಾರಾಯ, ಎಷ್ಟು ಭಾರ ಇದ್ದು!" ಎಂದರು. "ಇದನ್ನ ಹೊತ್ಕಂಡು ಎರಡು ವರ್ಷ ನಿಂತಿದ್ಯ?"

ಬೈದರೆ ಕೊಡಲು ನನ್ನಲ್ಲಿ ಹತ್ತು ಉತ್ತರಗಳಿದ್ದವು. ಅವರು ಬೈಯಲಿಲ್ಲ. ನಾನು ಸಣ್ಣ ಮಕ್ಕಳ ಹಾಗೆ ಅತ್ತೆ. ಸಾಬ ಬೇಕೆಂದೇ ಯಂತ್ರವನ್ನು ಜೋರಾಗಿ ತುಳಿಯತೊಡಗಿದ.

ಒಡೆಯರು ಕಾಲನ್ನು ಹಲಗೆಯ ಮೇಲೆ ಮೆಲ್ಲಗೆ ಇಳಿಸಿ ಕೇಳಿದರು: "ಸಾಕಾ? ಇನ್ನೂ ಎತ್ರ ಬೇಕಾ?"

"ಇನ್ನೊಂದು ಸ್ವಲ್ಪ, ಒಡೇರೆ," ಎಂದೆ. ಆ ಕಾಲಿಗಾಗಿ ನಾನು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ಅವರು ಹೊರಗೆ ಹೋಗಿ ಇನ್ನೊಂದು ಇಟ್ಟಿಗೆ ತಂದರು.