ಕಚ್ಚಿ ಹಿಡೀರಿ

ಬೈಲಹೊಂಗಲದ ನಮ್ಮ ಹಲ್ಲಿನ ಡಾಕ್ಟರರು ಹಲ್ಲು ಕಿತ್ತ ಮೇಲೆ ರೋಗಿಯ ಎದುರೇ ಸ್ಟೂಲು ಎಳೆದುಕೊಂಡು ಕೂತುಬಿಡುತ್ತಿದ್ದರು. “ಹತ್ತಿ ಕಚ್ಚಿ ಹಿಡೀರಿ” ಎನ್ನುವುದು ಅವರ ಯಾವತ್ತಿನ ಮಾತು.

ನಮ್ಮವ್ವ ಎದೆಯ ಕಾಯಿಲೆಗೆ ರಕ್ತ ತೆಳುವಾಗುವ ಗುಳಿಗೆ ನುಂಗುತ್ತಿದ್ದಳು. ಆಗ ಅಂಥ ಗುಳಿಗೆ ಹೊಸದು. ಹಲ್ಲು ಕಿತ್ತರೆ ರಕ್ತ ನಿಲ್ಲದೆಂದು ಹೆದರಿ ತಾನೇ ಅದನ್ನು ನುಂಗುವುದು ಬಿಟ್ಟು ಬಂದಿದ್ದಳು.

“ರಕ್ತ ನಿಲ್ಲಸೂದು ನನ್ನ ಕೆಲಸರಿ. ಎದಿ ನಿಂತರ ನನ್ನ ಕೈಯಾಗಿಲ್ಲ. ಗುಳಿಗಿ ಬಿಡದ ನುಂಗಿ ಮುಂದಿನ ವಾರ ಬರ್ರಿ” ಎಂದು ತಿರುಗಿ ಕಳಿಸಿದರು.

ಮುಂದಿನ ವಾರ ಹಲ್ಲು ಕಿತ್ತು, ಹತ್ತಿ ಇಟ್ಟು, ಅವ್ವನ ತವರು ಸಂಪಗಾಂವದ ಜೋಳವನ್ನು ದನ ಸೈತ ಮೂಸೂದಿಲ್ಲ ಅಂತ ಶುರುಮಾಡಿದರು. ಅವ್ವ ಸಿಟ್ಟಿಗೆದ್ದು ಇನ್ನೂ ಬಿಗಿಯಾಗಿ ಕಚ್ಚಿದಳು. ಅವರು ಜೋಳ ಮುಗಿಸಿ ಅಲ್ಲಿಯ ಬಾವಿನೀರಿಗೆ ಬಂದರು.

ಕಡೆಗೆ ಹತ್ತಿ ತೆಗೆದರೆ ರಕ್ತ ನಿಂತಿತ್ತು.

“ಈಗ ಬೈರಿ” ಅಂದರು.

“ಯಾವೂರವ್ರರೀ ನೀವು?” ಅವ್ವ ಗುಡುಗಿದಳು.

“ನಾನೂ ಸಂಪಗಾಂವದಾಂವನರಿ” ಎಂದು ಅವರು ಇಕ್ಕಳ ತೊಳೆಯಲು ಎದ್ದರು.