ಐದನೆಯ ಟೈಲ್

ವಿನೋಬನಗರದ ನಮ್ಮ ಮನೆಯ ಹಾಲ್‌ನಲ್ಲಿ ನಾಲ್ಕು ಟೈಲ್ಸ್ ಬಿರುಕು ಬಿಟ್ಟು ಅಂಚು ಮೇಲೆದ್ದಿದ್ದವು. ಅಜ್ಜಿಯ ಕಾಲಿನ ಹೆಬ್ಬೆರಳು ಎರಡು ಸಲ ಅದಕ್ಕೆ ಸಿಕ್ಕಿಕೊಂಡಿತು. ಎರಡನೆಯ ಸಲ ಅಮ್ಮ ಹಿಡಿದುಕೊಳ್ಳದಿದ್ದರೆ ಬಿದ್ದೇ ಬಿಡುತ್ತಿದ್ದಳು. ಅಂದಿನಿಂದ ಅಜ್ಜಿ ಹಾಲ್‌ಗೆ ಬರುವುದನ್ನೇ ಬಿಟ್ಟು ಕೋಣೆಯಲ್ಲಿ ಕೂತಳು. ನಷ್ಟ ನನಗೇ. ಅಪ್ಪನ ಸೀನು, ಪಕ್ಕದ ಮನೆಯ ಜಗಳ, 'ಕೋಟೆ ಕೋಟೆ' ಎಂದು ಕೂಗುವ ಬಸ್ ಕಂಡಕ್ಟರ್ - ಸಂಜೆ ಹೊತ್ತು ನಾನು ಮಾಡುತ್ತಿದ್ದ ಈ ಅನುಕರಣೆಗೆಲ್ಲ ನಗುತ್ತಿದ್ದವಳು ಅವಳೊಬ್ಬಳೇ. ಉಳಿದವರಿಗೆ ಅದು ತಲೆನೋವು.

ಮನೆ ಕಟ್ಟಿಸಿದಾಗ ಉಳಿದಿದ್ದ ನಾಲ್ಕೇ ನಾಲ್ಕು ಟೈಲ್ಸ್ ಅಟ್ಟದ ಮೇಲಿದ್ದವು. ಅಪ್ಪ ಒಡೆದ ಚೂರೊಂದನ್ನು ಹಿಡಿದು ಶಿವಮೊಗ್ಗ, ಭದ್ರಾವತಿಯ ಅಂಗಡಿಗಳನ್ನೆಲ್ಲ ಸುತ್ತಿ ಬಂದಿದ್ದರು. ಎಲ್ಲ ಕಡೆಯೂ ಒಂದೇ ಉತ್ತರ: "ಈ ಡಿಸೈನ್ ಈಗ ಬರಲ್ಲ ಸಾರ್."

ಭದ್ರಾವತಿಯಿಂದ ಮೇಸ್ತ್ರಿ ಬಂದರು. ಕಾರ್ಖಾನೆ ಬೀದಿಯ ತಮಿಳರ ನಡುವೆ ಬೆಳೆದವರು, ಮಾತಿಗೊಂದು 'ತಂಬಿ'. ಕರಣೆಯ ಹಿಡಿಯಿಂದ ನೆಲ ತಟ್ಟುತ್ತ ಹೋದರು. ಗಟ್ಟಿಯಿದ್ದರೆ 'ಟಣ್', ಕೆಳಗೆ ಟೊಳ್ಳಿದ್ದರೆ 'ಡೊಬ್'. ಹಿಂದೆ ನಿಂತಿದ್ದ ನನ್ನ ನಾಲಿಗೆ ತುರಿಸಿತು. ಅವರು ಒಂದು ಗಟ್ಟಿ ಟೈಲ್ ತಟ್ಟಿದ ಗಳಿಗೆಗೆ ಸರಿಯಾಗಿ ನಾಲಿಗೆಯನ್ನು ಅಂಗುಳಿಗೆ ಹೊಡೆದು 'ಡೊಬ್' ಎಂದೆ. ಮೇಸ್ತ್ರಿ ತಲೆ ಓರೆ ಮಾಡಿ ಮತ್ತೆ ತಟ್ಟಿದರು. ನಾನು ಮತ್ತೆ 'ಡೊಬ್'. ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಆಮೇಲೆ ಹೇಳಿ ನಗಿಸೋಣ ಅಂದುಕೊಳ್ಳುವಷ್ಟರಲ್ಲಿ ಅಮ್ಮ ನನ್ನನ್ನು ಮೊಸರಿಗೆ ಅಟ್ಟಿದಳು. ವಾಪಸ್ ಬಂದಾಗ ಐದು ಟೈಲ್ಸ್ ಚೂರಾಗಿದ್ದವು.

"ಟೊಳ್ಳಲ್ವಾ, ಮೆಲ್ಲಗೆ ಎತ್ತಿ ಮತ್ತೆ ಕೂರ್ಸೋಣ ಅಂತ ಹೋದೆನಮ್ಮಾ. ಕಚ್ಕೊಂಡು ಕೂತಿತ್ತು, ಒಡೆದೇ ಹೋಯ್ತು. ನನ್ನ ಕಿವಿ ಯಾವತ್ತೂ ತಪ್ಪಿಲ್ಲ," ಎಂದು ಮೇಸ್ತ್ರಿ ಪಾಪ, ಕಿವಿ ತಿಕ್ಕಿಕೊಳ್ಳುತ್ತಿದ್ದರು. ನೋಡಲಾಗದೆ ಒಪ್ಪಿಕೊಂಡೆ. ಸಾಕ್ಷಿಗೆಂದು ಇನ್ನೊಂದು ಸಲ 'ಡೊಬ್' ಎಂದದ್ದು ಮಾತ್ರ ಬೇಡವಾಗಿತ್ತು.

"ನಿನ್ನ ಬಾಯಿಗಿಷ್ಟು ಸಿಮೆಂಟ್ ಹಾಕ! ಅಜ್ಜಿ ಓಡಾಡೋ ಜಾಗದಲ್ಲೇ ಗುಂಡಿ ಮಾಡಿಟ್ಯಲ್ಲೋ ಮಾರಾಯ!" ಎಂದಳು ಅಮ್ಮ.

ಮೇಸ್ತ್ರಿ ಬಯ್ಯಲಿಲ್ಲ. "ಕೋಣೆಗಳಲ್ಲೂ ಇದೇ ಟೈಲ್ ಅಲ್ವಾ, ಮಂಚ ಗಿಂಚದ ಕೆಳಗೆ ನಿಜವಾದ ಟೊಳ್ಳು ಸಿಕ್ರೆ ಇಡಿಯಾಗಿ ಏಳ್ತದೆ. ಅದನ್ನ ಇಲ್ಲಿಗೆ ಹಾಕಿ, ಅಲ್ಲಿಗೆ ಬೇರೆ ಯಾವುದಾದ್ರೂ ಹಾಕಿದ್ರಾಯ್ತು. ಮೊದ್ಲು ಈ ತಂಬಿ ಬಾಯಿ ಬಂದ್ ಮಾಡಿ."

ಅಮ್ಮ ನನ್ನ ಬಾಯಿಗೆ ನೀರು ತುಂಬಿಸಿದಳು. ನುಂಗಿದರೆ ಇನ್ನೊಂದು ಲೋಟ. ಕೆನ್ನೆ ಊದಿಸಿಕೊಂಡು, ಕಡಲೆಕಾಯಿ ಕದ್ದ ಕೋತಿಯ ಹಾಗೆ ಮೇಸ್ತ್ರಿಯ ಹಿಂದೆ ಕೋಣೆ ಕೋಣೆ ಸುತ್ತಿದೆ. ಫ್ರಿಡ್ಜ್ ಹಿಂದೆ ಟಣ್. ಬೀರು ಹತ್ತಿರ ಟಣ್. ಇಷ್ಟು ಚೆನ್ನಾಗಿ ಕೆಲಸ ಮಾಡಿಹೋಗಿದ್ದ ಹಳೆಯ ಮೇಸ್ತ್ರಿಗೆ ಅಮ್ಮ ಮೊದಲ ಸಲ ಶಾಪ ಹಾಕಿದಳು. ಕೊನೆಗೆ ನನ್ನ ಮಂಚ ಸರಿಸಿ ತಟ್ಟಿದಾಗ 'ಡೊಬ್' ಎಂದಿತು. ಎಲ್ಲರೂ ತಿರುಗಿ ನನ್ನ ಮುಖ ನೋಡಿದರು. ನಾನು ಕೆನ್ನೆ ತೋರಿಸಿದೆ. ಅನುಮಾನ ಹೋಗದೆ ಅಮ್ಮ ಬೆರಳಿಂದ ಒತ್ತಿದಳು. ನೀರೆಲ್ಲ ಮೇಸ್ತ್ರಿಯ ಅಂಗಿಗೆ ಚಿಮ್ಮಿತು.

"ಹಾಗಾದ್ರೆ ಇದು ಅಸಲಿ!" ಎಂದು ಅವರು ಒರೆಸಿಕೊಳ್ಳುವುದನ್ನೂ ಮರೆತು ನಕ್ಕರು.

ಟೈಲ್ ಒಂದು ಗೀರೂ ಇಲ್ಲದೆ ಎದ್ದು ಬಂದು ಹಾಲ್‌ನಲ್ಲಿ ಕೂತಿತು. ನನ್ನ ಮಂಚದ ಕೆಳಗೆ ಬಚ್ಚಲಿಗೆ ತಂದು ಉಳಿದಿದ್ದ ಹಸಿರು ತುಂಡುಗಳು ಬಂದವು.

ಮೂರನೆಯ ದಿನ ಎಲ್ಲ ಸರಿಯಾಗಿ ಒಣಗಿದೆಯೇ ನೋಡಲು ಮೇಸ್ತ್ರಿ ಮತ್ತೆ ಬಂದಿದ್ದರು. ಅಜ್ಜಿ ಗೋಡೆ ಹಿಡಿದು ಬಾಗಿಲವರೆಗೆ ಬಂದಳು. ಹೆಬ್ಬೆರಳನ್ನು ಸಂದಿಯ ಮೇಲೆ ಆಡಿಸಿ ನೋಡಿದಳು. ಎಲ್ಲೂ ತಡೆಯಲಿಲ್ಲ. ಗೋಡೆ ಬಿಟ್ಟಳು. ಒಬ್ಬಳೇ ಹಾಲ್ ದಾಟಿ ತನ್ನ ಕುರ್ಚಿಯಲ್ಲಿ ಕೂತು ಸೆರಗು ಸರಿಮಾಡಿಕೊಂಡಳು.

"ಏನೇನೋ ಗಲಾಟೆ ಕೇಳಿಸ್ತು ಕಣೋ, ಒಂದೂ ಅರ್ಥ ಆಗ್ಲಿಲ್ಲ. ಈ ಮೇಸ್ತ್ರಿ ಹೆಂಗೆ ಮಾತಾಡ್ತಾರೆ, ಮಾಡಿ ತೋರ್ಸು."

ನಾನು ಮೇಸ್ತ್ರಿಯ ಕಡೆ ನೋಡಿದೆ. ಅವರು ಕಾಫಿ ಲೋಟ ಹಿಡಿದುಕೊಂಡು ಅಜ್ಜಿಯ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತರು.

"ಮಾಡು ತಂಬಿ, ನಾನೂ ನೋಡ್ತೀನಿ."