ಜುಮ್ಮು ಸಾಲದು

ಕಾದ ಎಣ್ಣೆಯನ್ನು ಒಣಮೆಣಸಿನ ಪುಡಿಯ ಮೇಲೆ ಸುರಿದಾಗ ಏಳುವ ಸದ್ದನ್ನು ಒಗ್ಗರಣೆಯ ಸದ್ದೆಂದು ತಿಳಿಯಬೇಡಿ. ಒಗ್ಗರಣೆ ಒಮ್ಮೆ ಗದರಿ ಸುಮ್ಮನಾಗುತ್ತದೆ. ಇದು ಬಟ್ಟಲಿನ ಒಂದು ಅಂಚಿನಲ್ಲಿ ಶುರುವಾಗಿ ಇನ್ನೊಂದು ಅಂಚಿನವರೆಗೆ ಸರಸರನೆ ಹರಿದು ಹೋಗುತ್ತದೆ. ಅದರ ಬೆನ್ನಿಗೇ ಮೆಣಸು, ಬೆಳ್ಳುಳ್ಳಿ, ನಾಲಗೆ ಜುಮ್ಮೆನಿಸುವ ಚೀನಾದ ಜುಮ್ಮನಕಾಯಿ ಮೂರರ ಘಾಟೂ ಒಟ್ಟಿಗೆ ಎದ್ದು ಕಣ್ಣಿಗೆ ಬರುತ್ತದೆ. ಅಬುಧಾಬಿಯ ನನ್ನ ಅಡುಗೆಮನೆಯಲ್ಲಿ ತಿಂಗಳಿಗೊಂದೆರಡು ಸಲ ಈ ಸದ್ದು ಕೇಳುತ್ತದೆ. ಕೇಳಿದಾಗಲೆಲ್ಲ ನಾನು ಹತ್ತು ವರ್ಷದ ಹುಡುಗಿಯಾಗಿ, ದುಬೈಯ ಡಿಸ್ಕವರಿ ಗಾರ್ಡನ್ಸಿನ ಒಂದು ಫ್ಲಾಟಿನಲ್ಲಿ, ಹೊಗೆ ಕಂಡರೆ ಬೊಬ್ಬೆ ಹೊಡೆಯುವ ಅಲಾರಮ್ಮಿನ ಕೆಳಗೆ ಸ್ಟೂಲು ಹತ್ತಿ ನಿಂತು, ಒದ್ದೆ ಟವೆಲನ್ನು ಬೀಸುತ್ತಿರುತ್ತೇನೆ. ಅಡುಗೆಮನೆಯಿಂದ ಉಮ್ಮ ಕೂಗುತ್ತಿರುತ್ತಾಳೆ, "ಬೀಸು, ಬೀಸು, ನಿಲ್ಲಿಸ್ಬೇಡ! ವಾಚ್‌ಮನ್ ಬಂದ್ರೆ ನಾನು ಮಾತಾಡುದಿಲ್ಲ, ನೀನೇ ಮಾತಾಡ್ಬೇಕು."

ಆ ಮನೆ ಈಗ ಇಲ್ಲ. ಕಟ್ಟಡವೇನೋ ಇದೆ. ಆದರೆ ಗಲ್ಫಿನಲ್ಲಿ ಬೆಳೆದ ನಮ್ಮಂಥವರ ಮನೆಗಳು ವೀಸಾ ಇರುವಷ್ಟು ದಿನ ಮಾತ್ರ ಮನೆಗಳು. ಕೀಲಿ ಹಿಂದಕ್ಕೆ ಕೊಟ್ಟ ಮರುವಾರವೇ ಗೋಡೆಗೆ ಹೊಸ ಬಿಳಿ ಬಣ್ಣ ಬೀಳುತ್ತದೆ, ಬಾಗಿಲ ಹೊರಗೆ ಬೇರೆ ಯಾರದೋ ಚಪ್ಪಲಿಗಳು ಬರುತ್ತವೆ. ನೀವೂ ಇಂಥ ಮನೆಯಲ್ಲಿ ಬೆಳೆದವರಾದರೆ ನಿಮಗೆ ಹೇಳಬೇಕಾಗಿಲ್ಲ. ಹೋಗಿ ಮುಟ್ಟಿ ನೋಡಲು ನಮಗೆ ಒಂದು ಕಂಬವೂ ಉಳಿದಿರುವುದಿಲ್ಲ. ನನಗೆ ಉಳಿದದ್ದು ಒಂದು ಅಡುಗೆ. ಅಡುಗೆಯ ವಿಷಯದಲ್ಲಿ ನನಗೆ ವಿನಯ ಕಡಿಮೆ, ಈಗಲೇ ಹೇಳಿಬಿಡುತ್ತೇನೆ. ಈ ದೇಶದ ಕನ್ನಡದವರಲ್ಲಿ ಚೀನಾದ ಸಿಚುವಾನ್ ಸೀಮೆಯ ಬೀಫನ್ನು ನನಗಿಂತ ಚೆನ್ನಾಗಿ ಮಾಡುವವರಿದ್ದರೆ ಬರಲಿ, ನೋಡೋಣ. ಬಾಟಲಿಯಲ್ಲಿ ಸಿಗುವ ಸಿಹಿ ಸಿಹಿ ಶೆಜ್ವಾನ್ ಸಾಸಿಗೂ ಇದಕ್ಕೂ ಅಜಗಜಾಂತರ.

ನಮ್ಮದು ಉಡುಪಿ ಕಡೆಯ ಬ್ಯಾರಿ ಮನೆ. ಮನೆಯಲ್ಲಿ ಆಡುತ್ತಿದ್ದದ್ದು ಬ್ಯಾರಿ. ಇಲ್ಲಿ ಕನ್ನಡಕ್ಕೆ ಇಳಿಸಿ ಬರೆಯುತ್ತಿದ್ದೇನೆ. ಮನೆಯಲ್ಲಿ ಮೂರೇ ಜನ. ಅಮ್ಮನನ್ನು ನಾನು ಉಮ್ಮ, ಅಪ್ಪನನ್ನು ಬಾಪ ಎನ್ನುತ್ತಿದ್ದೆ. ಬಾಪ ಅಬುಧಾಬಿಯ ಮುಸಫ್ಫಾದಲ್ಲಿ ಕಬ್ಬಿಣದ ವರ್ಕ್‌ಶಾಪೊಂದರ ಫೋರ್‌ಮನ್. ವಾರವೆಲ್ಲ ಕಂಪನಿಯ ರೂಮಿನಲ್ಲಿದ್ದು ಗುರುವಾರ ಸಂಜೆ ಮನೆಗೆ ಬರುತ್ತಿದ್ದರು. ಬರುವುದಕ್ಕೂ ಮೊದಲು ಅವರ ಮೂಗು ಬರುತ್ತಿತ್ತು. ಲಿಫ್ಟಿನಿಂದ ಹೊರಗೆ ಕಾಲಿಟ್ಟಲ್ಲಿಂದಲೇ ತೀರ್ಪು ಶುರು. "ಕೊತ್ತಂಬರಿ ಎರಡು ನಿಮಿಷ ಜಾಸ್ತಿ ಹುರಿದಿದ್ದೀ." "ಇದು ಇವತ್ತಿನ ಬಂಗುಡೆ ಅಲ್ಲ, ನಿನ್ನೆದು." ಉಮ್ಮನ ಅಡುಗೆಗೆ ಮೂಗು ಮುರಿಯದೆ ಅವರು ಒಂದು ತುತ್ತು ತಿಂದದ್ದು ನನಗೆ ನೆನಪಿಲ್ಲ. ಉಮ್ಮ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬರುತ್ತಿದ್ದಳು. "ಶುರುವಾಯ್ತು ಇವರದ್ದು! ಮೊದಲು ಚಪ್ಪಲಿಯಾದ್ರೂ ಬಿಚ್ಚಿ ಮಾರಾಯ್ರೆ." ಬೈಯುತ್ತಲೇ ಮುಂದಿನ ವಾರ ಕೊತ್ತಂಬರಿಯನ್ನು ಎರಡು ನಿಮಿಷ ಕಡಿಮೆ ಹುರಿಯುತ್ತಿದ್ದಳು. ಅವರಿಬ್ಬರೂ ಪ್ರೀತಿಯ ಮಾತಾಡಿದ್ದನ್ನು ನಾನು ಕೇಳಿಲ್ಲ. ಅವರಿಗೆ ಆ ಜಗಳವೇ ಸಾಕಾಗುತ್ತಿತ್ತು.

ನನಗೆ ಒಂಬತ್ತು ತುಂಬಿದ ವರ್ಷ ಬಾಪ ವರ್ಕ್‌ಶಾಪಿನ ಏಣಿಯಿಂದ ಹಿಂದಕ್ಕೆ ಬಿದ್ದರು. ತಲೆಯ ಹಿಂಭಾಗಕ್ಕೆ ಪೆಟ್ಟು. ಆಸ್ಪತ್ರೆಯಲ್ಲಿ ಒಂದು ವಾರ ಇದ್ದು ಮನೆಗೆ ಬಂದಾಗ ನಡಿಗೆ ಸರಿಯಿತ್ತು, ಮಾತು ಸರಿಯಿತ್ತು, ನಾವು ಅಲ್‌ಹಮ್ದುಲಿಲ್ಲಾ ಎಂದೆವು. ಮೂಗು ಹೋಗಿದೆಯೆಂದು ಗೊತ್ತಾದದ್ದು ಊಟಕ್ಕೆ ಕುಳಿತಾಗ. ಒಳಗಿನ ನರದ ಎಳೆಗಳು ಹರಿದಿವೆ, ಬಂದರೆ ಬರಬಹುದು, ಬಾರದೆಯೂ ಇರಬಹುದು ಎಂದರು ಡಾಕ್ಟರು. ಅದು ಬರಲೇ ಇಲ್ಲ. "ಉಪ್ಪು ಗೊತ್ತಾಗ್ತದೆ, ಹುಳಿ ಗೊತ್ತಾಗ್ತದೆ. ಅದರ ಹಿಂದೆ ಎಂಥದೂ ಇಲ್ಲ" ಎಂದು ಬಾಪ ಒಮ್ಮೆ ಮಾತ್ರ ಹೇಳಿದರು. ಆಮೇಲೆ ಬಡಿಸಿದ್ದಕ್ಕೆಲ್ಲ ಚೆನ್ನಾಗಿದೆಯೆಂಬ ಒಂದೇ ಮಾತು, "ಲಾಯ್ಕುಂಟು." ಮೀನು ಸಾರು ಲಾಯ್ಕುಂಟು, ತುಪ್ಪದನ್ನದ ನೆಯ್ ಚೋರು ಲಾಯ್ಕುಂಟು. ಒಂದು ದಿನ ಉಮ್ಮನ ಮಸಾಲೆ ತಳ ಹಿಡಿದು ಮನೆಯೆಲ್ಲ ಕರಕು ನಾತ. ನಾನು ತಟ್ಟೆಯನ್ನು ದೂರ ತಳ್ಳಿದೆ. ಬಾಪ ಅದನ್ನೇ ಕಲಸಿಕೊಂಡು ತಿಂದು, ಕೈ ತೊಳೆಯಲು ಏಳುತ್ತಾ "ಲಾಯ್ಕುಂಟು" ಎಂದರು. ಆ ಹೊತ್ತು ಉಮ್ಮನ ಮುಖ ನೋಡಬಾರದಿತ್ತು. ಬಾಪ ಈಗ ಮೊದಲಿನ ಅರ್ಧದಷ್ಟೇ ತಿನ್ನುತ್ತಿದ್ದರು, ಬೆಲ್ಟಿಗೆ ಮೊಳೆಯಿಂದ ಎರಡು ಹೊಸ ತೂತು ಹೊಡೆದಿದ್ದರು. ಉಮ್ಮ ಒಂದೇ ಒಂದನ್ನು ಬೇಡುತ್ತಿದ್ದಳು. ಈ ಮನುಷ್ಯ ಹೊಟ್ಟೆ ತುಂಬ ಉಣ್ಣಬೇಕು, ಉಂಡು ತನ್ನ ಅಡುಗೆಯಲ್ಲಿ ಒಂದು ಕೊಂಕು ತೆಗೆಯಬೇಕು. ನಮಾಜಿನ ಚಾಪೆಯ ಮೇಲೆ ಅವಳು ಬಾಯಿಬಿಟ್ಟೇ ಇದನ್ನು ಕೇಳಿಕೊಳ್ಳುತ್ತಿದ್ದಳು.

ಮುಂದಿನ ರಮದಾನಿನಲ್ಲಿ ಎದುರು ಫ್ಲಾಟಿಗೆ ಆಯಿಷಾ ಆಂಟಿ ಬಂದರು. ಸಿಚುವಾನಿನ ಮುಸ್ಲಿಂ ಹೆಂಗಸು. ಗಂಡನಿಗೆ ಚೀನಾ ಸಾಮಾನಿನ ಅಂಗಡಿ. ಅವರ ಚೀನೀ ಹೆಸರು ನಮ್ಮ ನಾಲಗೆಗೆ ಒಗ್ಗಲಿಲ್ಲ. ನಮ್ಮ ಮಹಡಿಯಲ್ಲಿ ಇಫ್ತಾರಿನ ಹೊತ್ತಿಗೆ ತಟ್ಟೆಗಳು ಬಾಗಿಲಿಂದ ಬಾಗಿಲಿಗೆ ಓಡಾಡುತ್ತಿದ್ದವು, ಬಂದ ತಟ್ಟೆಯನ್ನು ಖಾಲಿ ಹಿಂತಿರುಗಿಸಬಾರದು. ಉಮ್ಮ ಸಮೋಸ ಕಳಿಸಿದಳು. ಆ ತಟ್ಟೆಯ ಬದಲಿಗೆ ಒಂದು ದೊಡ್ಡ ಬಟ್ಟಲು ಬಂತು. ಮೇಲೆ ಎರಡು ಬೆರಳು ದಪ್ಪಕ್ಕೆ ಕೆಂಪೆಣ್ಣೆ, ಅದರೊಳಗೆ ಮಾಂಸದ ತೆಳು ಎಸಳುಗಳು, ಅಡಿಯಲ್ಲಿ ಕೋಸು. ಇದರ ಹೆಸರು ಚೀನೀ ಭಾಷೆಯಲ್ಲಿ ನೀರಲ್ಲಿ ಬೇಯಿಸಿದ ಬೀಫ್ ಎಂದಂತೆ. ಆ ಎಣ್ಣೆ ಇರುವುದು ಮಾಂಸವನ್ನು ಬಿಸಿಯಾಗಿಡುವುದಕ್ಕೆ, ಎಸಳನ್ನು ಎತ್ತಿಕೊಂಡು ತಿಂದು ಎಣ್ಣೆಯನ್ನು ಬಿಟ್ಟುಬಿಡಬೇಕು. ಇದು ನಮಗೆ ಯಾರು ಹೇಳಬೇಕು? ಕರಾವಳಿಯವರಿಗೆ ಮಾಂಸವೆಂಬುದು ನೆಪ, ಸಾರೇ ಊಟ. ಉಮ್ಮ ಡಬ್ಬದಿಂದ ಒಣ ರೊಟ್ಟಿ ತೆಗೆದು ಮೂರು ತಟ್ಟೆಗೂ ಮುರಿದು ಹಾಕಿದಳು. ಅದರ ಮೇಲೆ ಆ ಕೆಂಪೆಣ್ಣೆಯನ್ನು ಸೌಟುಗಟ್ಟಲೆ ಸುರಿದಳು, ಥೇಟು ಕೋಳಿ ಸಾರಿನ ಹಾಗೆ.

ನಾನು ಎರಡನೇ ತುತ್ತಿಗೇ ನೀರಿಗೆ ಓಡಿದೆ. ತಿರುಗಿ ಬಂದರೆ ಬಾಪ ತಿನ್ನುವುದನ್ನು ನಿಲ್ಲಿಸಿ ತೋರುಬೆರಳಿಂದ ಕೆಳತುಟಿಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು.

"ಎಂಥ ಆಯ್ತು? ಖಾರವಾ?" ಉಮ್ಮನಿಗೆ ಗಾಬರಿ.

"ಖಾರ ಅಲ್ಲ. ತುಟಿ ಮೇಲೆ ಇರುವೆ ಹರಿದ ಹಾಗೆ. ಜುಮ್ ಅಂತ ಉಂಟು." ತಟ್ಟೆ ಮುಂದಕ್ಕೆ ಸರಿಸಿದರು. "ಇನ್ನು ಸ್ವಲ್ಪ ಹಾಕು."

ವರ್ಷದ ಮೇಲೆ ಬಾಪ ಇನ್ನು ಸ್ವಲ್ಪ ಹಾಕು ಎಂದದ್ದು ಅವತ್ತು. ಉಮ್ಮ ಬಟ್ಟಲನ್ನೇ ಬೋರಲು ಹಾಕಿದಳು. ಮರುದಿನದ ಉಪವಾಸವನ್ನು ನಾವು ಮೂವರೂ ಹೇಗೆ ಕಳೆದೆವೆಂದು ದಯವಿಟ್ಟು ಕೇಳಬೇಡಿ. ಸಂಜೆ ತೊಳೆದ ಬಟ್ಟಲಿನಲ್ಲಿ ಖರ್ಜೂರದ ಹಲ್ವ ಹಾಕಿಕೊಂಡು ಉಮ್ಮ ಎದುರು ಬಾಗಿಲು ತಟ್ಟಿದಳು, ಹಿಂದೆ ನಾನು. ಆಯಿಷಾ ಆಂಟಿ ಬಟ್ಟಲು ನೋಡಿ ಕೇಳಿದರು, "ಆಯಿಲ್? ವೇರ್ ಆಯಿಲ್?" ಉಮ್ಮ ಹೊಟ್ಟೆ ತೋರಿಸಿ ಹೆಮ್ಮೆಯಿಂದ "ಈಟ್. ಆಲ್. ಖಲಾಸ್" ಎಂದಳು. ಆಂಟಿ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕ ನಗು ಕಾರಿಡಾರಿನ ಆ ತುದಿಯವರೆಗೆ ಕೇಳಿತು. ಆಮೇಲೆ ನಮ್ಮನ್ನು ಒಳಗೆ ಕರೆದು ಪುಟ್ಟ ಒಣ ಕಾಯಿಗಳ ಒಂದು ಭರಣಿ ತೆರೆದು ತೋರಿಸಿದರು. ಉಮ್ಮ ಒಂದು ಕಾಯಿಯನ್ನು ಉಗುರಲ್ಲಿ ಬಿಡಿಸಿ, ಒಳಗಿನ ಕಪ್ಪು ಬೀಜ ಎಸೆದು, ಸಿಪ್ಪೆಯನ್ನು ಹಲ್ಲಿಗಿಟ್ಟು ಕಣ್ಣರಳಿಸಿದಳು. ಊರಲ್ಲಿ ಬಂಗುಡೆ ಸಾರಿಗೆ ಹಾಕುವ ಜುಮ್ಮನಕಾಯಿ, ಕೊಂಕಣಿಗರ ತೆಪ್ಪಲ್, ಅದರದ್ದೇ ತಂಗಿ! ವಾಸನೆಯೂ ಅಲ್ಲದ ರುಚಿಯೂ ಅಲ್ಲದ ಆ ಜುಮ್ಮು ಬೇರೆಯದೇ ನರದಲ್ಲಿ ಹೋಗುತ್ತದೆ ಎಂದು ಡಾಕ್ಟರು ಆಮೇಲೆ ವಿವರಿಸಿದರು. ಬಾಪನಿಗೆ ಆ ಒಂದು ದಾರಿ ತೆರೆದೇ ಇತ್ತು.

ಆ ಈದ್ ಹಬ್ಬದ ನಂತರ ಉಮ್ಮ ಆಯಿಷಾ ಆಂಟಿಯ ಅಡುಗೆಮನೆಯಲ್ಲಿ ಶಿಷ್ಯೆಯಾಗಿ ನಿಂತಳು. ಇಬ್ಬರಿಗೂ ಗೊತ್ತಿದ್ದ ಇಂಗ್ಲಿಷು ಒಟ್ಟು ಸೇರಿಸಿದರೆ ಒಂದು ಪುಟವಾಗದು. ಕೈಯಿಂದ ಕೈಗೆ ಕಲಿತದ್ದೇ ಎಲ್ಲ. ಮಾಂಸವನ್ನು ಫ್ರೀಜರಿನಲ್ಲಿ ಅರ್ಧ ಗಟ್ಟಿ ಮಾಡಿ ನಾರಿಗೆ ಅಡ್ಡಲಾಗಿ, ಆಚೆಯ ಬೆಳಕು ಕಾಣುವಷ್ಟು ತೆಳ್ಳಗೆ ಕೊಯ್ಯಬೇಕು. ಮೊಟ್ಟೆಯ ಬಿಳಿ, ಕಾರ್ನ್‌ಫ್ಲೋರ್ ಸವರಿ ಇಡಬೇಕು. ಅವರೆ ಜಾತಿಯ ಕಾಳನ್ನು ಮೆಣಸಿನೊಂದಿಗೆ ಹುಳಿಸಿ ಮಾಡಿದ ಕೆಂಪು ಹಿಂಡಿಯನ್ನು ಎಣ್ಣೆಯಲ್ಲಿ ಬಾಡಿಸಿ ನೀರು ಹೊಯ್ದು, ಕುದಿ ಬಂದ ಮೇಲೆ ಮಾಂಸ ಬಿಟ್ಟು ಒಂದೇ ನಿಮಿಷಕ್ಕೆ ಇಳಿಸಬೇಕು. ದನದ ಮಾಂಸವನ್ನು ಕುಕ್ಕರಿನಲ್ಲಿ ಎಂಟು ವಿಸಿಲ್ ಕೂಗಿಸಿ ಅಭ್ಯಾಸವಿದ್ದ ಉಮ್ಮನಿಗೆ ಈ ಒಂದು ನಿಮಿಷವನ್ನು ನಂಬಲು ತಿಂಗಳೇ ಬೇಕಾಯಿತು. ಮೆಣಸು ಮಾತ್ರ ಊರಿನದೇ ಬೇಕೆಂದು ಹಟ ಹಿಡಿದಳು, ಬಣ್ಣಕ್ಕೆ ಬ್ಯಾಡಗಿಯ ಮುಂದೆ ಯಾವ ಚೀನಾವೂ ಇಲ್ಲವಂತೆ. ಅಲ್ಲಿಂದ ಪ್ರತಿ ಶುಕ್ರವಾರ ಜುಮಾ ನಮಾಜು ಮುಗಿಸಿ ಬಾಪ ಬರುವ ಹೊತ್ತಿಗೆ ಎಣ್ಣೆ ಕಾಯುತ್ತಿತ್ತು, ನಾನು ಟವೆಲಿನೊಂದಿಗೆ ಸ್ಟೂಲು ಹತ್ತಿರುತ್ತಿದ್ದೆ.

ಮೂರನೆಯದೋ ನಾಲ್ಕನೆಯದೋ ಶುಕ್ರವಾರ ಬಾಪ ಒಂದು ಎಸಳು ಬಾಯಿಗಿಟ್ಟುಕೊಂಡು ಜಗಿದು, ಹುಬ್ಬು ಗಂಟಿಕ್ಕಿ ಹೇಳಿದರು, "ಜುಮ್ಮು ಸಾಲದು."

ಉಮ್ಮ ಸೊಂಟಕ್ಕೆ ಕೈಯಿಟ್ಟಳು. "ಸಾಲದಾ? ಬೆಳಿಗ್ಗೆಯಿಂದ ನಿಂತು ಮಾಡಿದ್ದೇನೆ, ಇವರಿಗೆ ಸಾಲದಂತೆ! ಮುಂದಿನ ವಾರ ನೀವೇ ಮಾಡಿ." ಬೈದು ಒಳಗೆ ಹೋದವಳು ಬರಲು ತುಸು ಹೊತ್ತಾಯಿತು. ಬಂದಾಗ ಕಣ್ಣು ಕೆಂಪಾಗಿತ್ತು, ಕೈಯಲ್ಲಿ ಹುರಿದ ಜುಮ್ಮನಕಾಯಿ ಪುಡಿಯ ಪುಟ್ಟ ಸ್ಟೀಲ್ ಡಬ್ಬಿಯಿತ್ತು. ಒಂದು ಚಿಟಿಕೆ ಉದುರಿಸಿದಳು. ಬಾಪ ತಿಂದು "ಹಾಂ, ಈಗ ಸರಿಯಾಯ್ತು" ಎಂದರು. ಅಂದಿನಿಂದ ಆ ಡಬ್ಬಿ ಊಟದ ಜಾಗಕ್ಕೇ ಬರತೊಡಗಿತು. ಎಂಟು ವರ್ಷ, ವಾರ ತಪ್ಪದೆ, ಅದೇ ದೂರು, ಅದೇ ಬೈಗುಳ, ಅದೇ ಚಿಟಿಕೆ. ಬೆಲ್ಟು ಹಳೆಯ ತೂತಿಗೆ ಮರಳಿತು. ಇಷ್ಟು ವರ್ಷವಾದರೂ ಅಳತೆ ಕಲಿಯದ ಉಮ್ಮನ ಬಗ್ಗೆ ನನಗೆ ಮರುಕ ಬರುತ್ತಿತ್ತು.

ಬಾಪನಿಗೆ ಅರವತ್ತು ತುಂಬಿತು, ವೀಸಾ ಮುಗಿಯಿತು. ಆಯಿಷಾ ಆಂಟಿ ಅದಕ್ಕೂ ಮೊದಲೇ ಊರಿಗೆ ಮರಳಿದ್ದರು. ಕೊನೆಯ ಶುಕ್ರವಾರ ಉಮ್ಮ ರಟ್ಟಿನ ಪೆಟ್ಟಿಗೆಗಳ ನಡುವೆ ಮುಳುಗಿದ್ದಳು, ಅಡುಗೆ ನಾನೇ ಮಾಡುತ್ತೇನೆಂದೆ. ಹದಿನೆಂಟರ ಸೊಕ್ಕು ಬೇರೆ, ಈ ಸಲ ಬಾಪ ತುಟಿ ಪಿಟಕ್ಕೆನ್ನಬಾರದು ಎಂದು ಆ ಡಬ್ಬಿಯಲ್ಲಿದ್ದದ್ದನ್ನೆಲ್ಲ ತಳ ಕೆರೆದು ಬಟ್ಟಲಿಗೇ ಸುರಿದೆ. ಮೇಜು ಮಾರಿಯಾಗಿತ್ತು. ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ ಕುಳಿತೆವು. ಬಾಪ ಒಂದು ಎಸಳು ತಿಂದರು. ಕಣ್ಣಲ್ಲಿ ನೀರು ಬಂತು, ತುಟಿ ಅದುರಿತು, ಹಣೆಯಲ್ಲಿ ಬೆವರು. ಉಮ್ಮನ ಕಡೆ ತಿರುಗಿ ಹೇಳಿದರು, "ಜುಮ್ಮು ಸಾಲದು."

"ಇದ್ದದ್ದು ಎಲ್ಲ ಹಾಕಿದ್ದೇನೆ ಬಾಪ!" ನಾನು ಕಿರುಚಿದೆ. ಉಮ್ಮ ಕಣ್ಣಲ್ಲೇ ನನ್ನನ್ನು ಗದರಿಸಿ ಡಬ್ಬಿಗೆ ಕೈ ಹಾಕಿದಳು. ಮುಚ್ಚಳ ತೆಗೆದು ಒಳಗೆ ನೋಡಿದಳು. ಏನೂ ಇರಲಿಲ್ಲ. "ಇವರಿಗೆ ಎಷ್ಟು ಮಾಡಿದ್ರೂ ಅಷ್ಟೇ" ಎಂದು ಗೊಣಗುತ್ತಾ ಆ ಖಾಲಿ ಡಬ್ಬಿಯನ್ನು ಬಾಪನ ತಟ್ಟೆಯ ಮೇಲೆ ಬೋರಲು ಹಿಡಿದು ಎರಡು ಸಲ ತಟ್ಟಿದಳು. ಬಾಪ ಕಲಸಿಕೊಂಡು ತಿಂದರು. "ಹಾಂ, ಈಗ ಸರಿಯಾಯ್ತು." ಇಬ್ಬರೂ ಸೇರಿ ನನ್ನ ಅಡುಗೆಯನ್ನು ಗೇಲಿ ಮಾಡುತ್ತಿದ್ದಾರೆಂದು ನಾನು ಊಟ ಬಿಟ್ಟೆದ್ದೆ. ಮೂರು ದಿನ ಸರಿಯಾಗಿ ಮಾತಾಡಲಿಲ್ಲ, ವಿಮಾನದಲ್ಲೂ ಕಿಟಕಿಗೆ ಮುಖ ಮಾಡಿ ಕುಳಿತಿದ್ದೆ.

ಊರಿಗೆ ಹೋದ ಎರಡನೇ ವರ್ಷ ಬಾಪ ತೀರಿಕೊಂಡರು. ನಾನು ಮದುವೆಯಾಗಿ ಅಬುಧಾಬಿಗೆ ಬಂದ ಮೇಲೆ ಉಮ್ಮ ಮೂರು ತಿಂಗಳ ವಿಸಿಟ್ ವೀಸಾದಲ್ಲಿ ನನ್ನಲ್ಲಿಗೆ ಬಂದಿದ್ದಳು. ಒಂದು ದಿನ ನಾನು ಇದೇ ಅಡುಗೆ ಮಾಡುತ್ತಿದ್ದೆ. ಜುಮ್ಮನಕಾಯಿ ಹುರಿದು ಕುಟ್ಟಿ ಬಟ್ಟಲಿಗೆ ಹಾಕಲು ಹೋದಾಗ ಪಕ್ಕದಲ್ಲಿದ್ದವಳು ಫಕ್ಕನೆ ಕೈ ಹಿಡಿದಳು. "ಎಲ್ಲ ಹಾಕ್ಬೇಡ. ಒಂದು ಚಮಚ ತೆಗೆದಿಡು."

"ಯಾಕೆ? ಅಳತೆ ಸರಿ ಉಂಟಲ್ಲ?"

"ಅಳತೆ ನನಗೂ ಮೊದಲ ವಾರವೇ ಗೊತ್ತಾಗಿತ್ತು ಮಗಾ. ಎಲ್ಲ ಹಾಕಿದ್ರೆ ನಿನ್ನ ಬಾಪ ಮತ್ತೆ ಲಾಯ್ಕುಂಟು ಅಂತಿದ್ರು. ನನಗೆ ಅದನ್ನು ಕೇಳ್ಲಿಕ್ಕೆ ಆಗ್ತಿರ್ಲಿಲ್ಲ."

ನಾನು ಒಲೆ ಆರಿಸಿದೆ. ಆ ಕೊನೆಯ ಶುಕ್ರವಾರ, ಬಾಯಿಯೆಲ್ಲ ಮರಗಟ್ಟಿ ಕಣ್ಣಲ್ಲಿ ನೀರು ತುಂಬಿಕೊಂಡು ಸಾಲದು ಎಂದ ಬಾಪ ನೆನಪಾದರು. "ಬಾಪನಿಗೆ ಇದು ಗೊತ್ತಿತ್ತಾ ಉಮ್ಮ?" ಎಂದು ಕೇಳಿದೆ. ಅವಳು ಮುಸುಕು ಸರಿಮಾಡಿಕೊಂಡು, ಎಣ್ಣೆ ತಣ್ಣಗಾಗ್ತದೆ, ಒಲೆ ಹಚ್ಚು ಎಂದಳು.

ಕಳೆದ ವರ್ಷ ಉಮ್ಮನೂ ಹೋದಳು. ಆ ಡಬ್ಬಿ ನನ್ನಲ್ಲಿದೆ, ಮುಚ್ಚಳ ಸ್ವಲ್ಪ ನೆಗ್ಗಿದೆ. ಈ ಅಡುಗೆ ಮಾಡಿದಾಗಲೆಲ್ಲ ಒಂದು ಚಮಚ ಅದರಲ್ಲಿ ತೆಗೆದಿಟ್ಟು ಮೇಜಿನ ನಡುವೆ ಇಡುತ್ತೇನೆ. ನನ್ನ ಗಂಡ ಒಳ್ಳೆಯವರು, ಹೊಟ್ಟೆ ತುಂಬ ತಿಂದು ಸೂಪರ್ ಎನ್ನುತ್ತಾರೆ. ಮಗಳೂ "ಯಮ್ಮಿ, ಮಮ್ಮಾ" ಎನ್ನುತ್ತಾಳೆ. ನಾನು ತಟ್ಟೆಗಳನ್ನು ಎತ್ತಿ, ಮೇಜು ಒರೆಸಿ, ಡಬ್ಬಿಯಲ್ಲಿದ್ದ ಪುಡಿಯನ್ನು ಮತ್ತೆ ಭರಣಿಗೆ ಸುರಿಯುತ್ತೇನೆ.